ಕ್ಯೂಬನ್ ಜೈಂಟ್ಸ್ ತಂಡದಲ್ಲಿ ಕ್ಯೂಬಾದವರು ಇದ್ದರಾ?

ಪ್ರಿಯ ಓದುಗರೇ,

ನಿಮ್ಮ ಪತ್ರ ಓದಿ ಖುಷಿಯಾಯಿತು. ಅಮೆರಿಕದ ಬೇಸ್‌ಬಾಲ್ ಬಗ್ಗೆ ಕಳೆದ ಸಂಚಿಕೆಯ ಲೇಖನದಲ್ಲಿ ಕ್ಯೂಬನ್ ಜೈಂಟ್ಸ್ ಕುರಿತು ನಾವು ಬರೆದದ್ದು ಒಂದೇ ಸಾಲು. ಕಪ್ಪು ಜನರ ಮೊದಲ ವೃತ್ತಿಪರ ತಂಡ ಅದು, ಹೋಟೆಲ್ ವೇಟರ್‌ಗಳು ಬಿಡುವಿನಲ್ಲಿ ಕಟ್ಟಿಕೊಂಡದ್ದು ಅಂತ. ನೀವು ಎರಡು ಪ್ರಶ್ನೆ ಕೇಳಿದ್ದೀರಿ. ಕ್ಯೂಬಾದವರಲ್ಲದಿದ್ದರೆ ಆ ಹೆಸರು ಏಕೆ? ದಿನವಿಡೀ ತಟ್ಟೆ ಹೊರುವವರು ಅಷ್ಟು ಚೆನ್ನಾಗಿ ಆಡಿದ್ದು ಹೇಗೆ?

ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅಲ್ಲಿ ತಪ್ಪು ನಮ್ಮದೇ. ನ್ಯೂಯಾರ್ಕಿನ ಲಾಂಗ್ ಐಲೆಂಡ್‌ನಲ್ಲಿ ಬ್ಯಾಬಿಲನ್ ಎಂಬ ಊರಿದೆ. 1885ರ ಬೇಸಿಗೆಯಲ್ಲಿ ಅಲ್ಲಿನ ಆರ್ಗೈಲ್ ಹೋಟೆಲಿನಲ್ಲಿ ಫ್ರಾಂಕ್ ಥಾಂಪ್ಸನ್ ಮುಖ್ಯ ವೇಟರ್ ಆಗಿದ್ದರು. ಅತಿಥಿಗಳ ಮನರಂಜನೆಗೆ ಅಲ್ಲಿ ಪಂದ್ಯಗಳು ನಡೆದದ್ದು ನಿಜ. ಆದರೆ ಥಾಂಪ್ಸನ್ ಆಗಲೇ ಫಿಲಡೆಲ್ಫಿಯಾದಲ್ಲಿ ಕೀಸ್ಟೋನ್ ಅಥ್ಲೆಟಿಕ್ಸ್ ಎಂಬ ತಂಡ ಕಟ್ಟಿದ್ದರು. ಅದೇ ಊರಿನ ಓರಿಯನ್ಸ್, ವಾಷಿಂಗ್ಟನ್‌ನ ಮ್ಯಾನ್‌ಹಟನ್ಸ್ ತಂಡಗಳೂ ಅದರ ಜೊತೆ ಸೇರಿಕೊಂಡವು. ಅಂದರೆ ಆಟ ಗೊತ್ತಿದ್ದವರೇ ಹೋಟೆಲಿಗೆ ಬಂದಿದ್ದರು. ‘ವೇಟರ್‌ಗಳ ತಂಡ’ ಅಂದುಬಿಟ್ಟರೆ ಅವರ ವರ್ಷಗಳ ಅಭ್ಯಾಸ ಸುಮ್ನೆ ಅಳಿಸಿಹೋಗುತ್ತದೆ.

ಮರುವರ್ಷ ವಾಲ್ಟರ್ ಕುಕ್ ಎಂಬ ಬಿಳಿಯ ಮಾಲೀಕರ ಕೈಗೆ ಬಂದ ತಂಡ ನ್ಯೂಜೆರ್ಸಿಯ ಟ್ರೆಂಟನ್‌ನಲ್ಲಿ ನೆಲೆ ನಿಂತಿತು. ಚೆಂಡು ಎಸೆಯುವ ಪಿಚರ್‌ಗೂ ಅದನ್ನು ಹಿಡಿಯುವ ಕ್ಯಾಚರ್‌ಗೂ ವಾರಕ್ಕೆ 18 ಡಾಲರ್, ಖರ್ಚು ಬೇರೆ. ಒಳಮೈದಾನದವರಿಗೆ 15, ಹೊರಮೈದಾನದವರಿಗೆ 12. ಈ ಲೆಕ್ಕ ಬರೆದಿಟ್ಟವರು ಸೋಲ್ ವೈಟ್. ಮುಂದೆ ಅವರೂ ಇದೇ ತಂಡದಲ್ಲಿ ಆಡಿದರು. 1907ರಲ್ಲಿ ಕಪ್ಪು ಆಟಗಾರರ ಬೇಸ್‌ಬಾಲ್ ಇತಿಹಾಸವನ್ನು ಪುಸ್ತಕ ಮಾಡಿದರು. ಅವರು ಬರೆಯದಿದ್ದರೆ ಈ ಆಟಗಾರರ ಎಷ್ಟೋ ವಿವರ ನಮಗೆ ಸಿಗುತ್ತಲೇ ಇರಲಿಲ್ಲ.

ಈಗ ಹೆಸರಿನ ವಿಷಯ. ಶುರುವಿನ ಆಟಗಾರರೆಲ್ಲ ಅಮೆರಿಕದ ಕಪ್ಪು ಜನರೇ. ಮ್ಯಾನೇಜರ್ ಗವರ್ನ್ ಮಾತ್ರ ಕೆರಿಬಿಯನ್ ದ್ವೀಪ ಸೇಂಟ್ ಕ್ರೋಯಿಯವರು. ವಿದೇಶಿಯರಂತೆ ಕಾಣಲು ಮೈದಾನದಲ್ಲಿ ಸ್ಪ್ಯಾನಿಷ್ ಥರ ಏನೇನೋ ಬಡಬಡಿಸುತ್ತಿದ್ದರು ಎಂಬ ಕಥೆ ಎಲ್ಲ ಕಡೆ ಸಿಗುತ್ತದೆ. ಅದು ಬಂದದ್ದು 1938ರಲ್ಲಿ, ಮುದುಕರಾಗಿದ್ದ ವೈಟ್ ಅವರ ನೆನಪೆಂದು. ಅವರದೇ ಪುಸ್ತಕದಲ್ಲಿ ಅದರ ಸುಳಿವಿಲ್ಲ. ಹಾಗಾಗಿ ನನಗೆ ಆ ಕಥೆಯ ಮೇಲೆ ಅಷ್ಟು ನಂಬಿಕೆ ಇಲ್ಲ. ಆಗ ‘ಕ್ಯೂಬನ್’ ಅಂದರೆ ಕಪ್ಪು ಬಣ್ಣವನ್ನು ನೇರವಾಗಿ ಹೇಳದೆ ಹೇಳುವ ಒಂದು ಮಾತು ಅಂತ ನನಗನಿಸುತ್ತದೆ. ‘ಜೈಂಟ್ಸ್’ ನ್ಯೂಯಾರ್ಕಿನ ಹೆಸರಾಂತ ಬಿಳಿಯರ ತಂಡದ ಹೆಸರು. ಮುಂದೆ ಲೆಲಂಡ್ ಜೈಂಟ್ಸ್, ಲಿಂಕನ್ ಜೈಂಟ್ಸ್ ಅಂತ ಎಷ್ಟೋ ಕಪ್ಪು ತಂಡಗಳು ಅದನ್ನೇ ಇಟ್ಟುಕೊಂಡವು.

ಹೆಸರು ಏನಿದ್ದರೂ ಎದುರಾಳಿಗಳಿಗೆ ಇವರು ಯಾರೆಂದು ಚೆನ್ನಾಗಿ ಗೊತ್ತಿತ್ತು. 1887ರ ಜುಲೈ 14ರಂದು ಬೇಸ್‌ಬಾಲ್ ತಂಡಗಳ ಒಕ್ಕೂಟವಾದ ಇಂಟರ್‌ನ್ಯಾಷನಲ್ ಲೀಗ್, ಇನ್ನು ಮುಂದೆ ಕಪ್ಪು ಆಟಗಾರರ ಜೊತೆ ಹೊಸ ಒಪ್ಪಂದ ಬೇಡ ಎಂದು ತೀರ್ಮಾನಿಸಿತು. ಅದೇ ಸೆಪ್ಟೆಂಬರಿನಲ್ಲಿ ಚಾಂಪಿಯನ್ ಸೇಂಟ್ ಲೂಯಿಸ್ ಬ್ರೌನ್ಸ್ ತಂಡ ಜೈಂಟ್ಸ್ ಜೊತೆ ಆಡಬೇಕಿತ್ತು. ಹಿಂದಿನ ರಾತ್ರಿ ಬ್ರೌನ್ಸ್‌ನ ಎಂಟು ಆಟಗಾರರು ತಮ್ಮ ಮಾಲೀಕರಿಗೆ ಪತ್ರ ಕೊಟ್ಟರು, ನಾವು ಕಪ್ಪು ಜನರ ಎದುರು ಆಡುವುದಿಲ್ಲ ಅಂತ. ಪಂದ್ಯ ನಡೆಯಲೇ ಇಲ್ಲ. ಸೋಲಿನ ಭಯವೂ ಅದರಲ್ಲಿ ಇತ್ತೇನೋ ಅಂತ ನನಗೆ ಅನಿಸುತ್ತದೆ.

ಕೊನೆಗೆ ಫ್ರಾಂಕ್ ಗ್ರಾಂಟ್ ಬಗ್ಗೆ ಹೇಳಲೇಬೇಕು. ಬಫಲೋದ ಬಿಳಿಯರ ತಂಡದಲ್ಲಿ 1886ರಿಂದ ಮೂರು ವರ್ಷ ಆಡಿದ ಸೆಕೆಂಡ್ ಬೇಸ್‌ಮನ್, ಅಂದರೆ ಮೈದಾನದ ಎರಡನೇ ಬೇಸ್ ಕಾಯುವ ಆಟಗಾರ, ಅವರು. ಓಡಿ ಬರುವ ಎದುರಾಳಿಗಳು ಬೇಕಂತಲೇ ಮೊಳೆಯ ಶೂಗಳಿಂದ ಅವರ ಕಾಲಿಗೆ ಒದೆಯುತ್ತಿದ್ದರು. ಅಲ್ಲಿಂದ ಹೊರಬಂದ ಮೇಲೆ ಕ್ಯೂಬನ್ ಜೈಂಟ್ಸ್ ಸೇರಿದರು. ಆಟ ಮುಗಿದ ನಂತರ ಹೊಟ್ಟೆಪಾಡಿಗೆ ಅವರು ಮಾಡಿದ್ದು ವೇಟರ್ ಕೆಲಸ. 1937ರಲ್ಲಿ ತೀರಿಕೊಂಡಾಗ ಸಮಾಧಿಗೆ ಹೆಸರಿನ ಕಲ್ಲೂ ಇರಲಿಲ್ಲ. 2006ರಲ್ಲಿ ಸೋಲ್ ವೈಟ್ ಜೊತೆಗೇ ಅವರೂ ಬೇಸ್‌ಬಾಲ್ ದಿಗ್ಗಜರನ್ನು ಗೌರವಿಸುವ ಹಾಲ್ ಆಫ್ ಫೇಮ್ ಸೇರಿದರು. ಕಲ್ಲು ನೆಟ್ಟದ್ದು 2011ರಲ್ಲಿ.

ನಮ್ಮ ಆ ಸಾಲಿನ ತಿದ್ದುಪಡಿ ಇದೇ ಸಂಚಿಕೆಯಲ್ಲಿದೆ.

— ಸಂಪಾದಕ