ಪ್ರತಿಕ್ರಿಯೆ: ವಿಂಗಡಣೆ ಬದಲಿಸಿದರೆ ಫಿಲ್ಟರ್ ಮಾಯವಾಗುವುದೇಕೆ?

ಬೆಲೆಯ ಪ್ರಕಾರ ವಿಂಗಡಿಸುವ ಲಿಂಕ್ ಒತ್ತಿದೊಡನೆ ಪುಟದ ವೆಬ್ ವಿಳಾಸದಲ್ಲಿದ್ದ ಬಣ್ಣದ ಫಿಲ್ಟರ್ ಅಳಿಸಿಹೋಗುತ್ತದೆ ಎಂದಿದ್ದೀರಿ. ಲಿಂಕಿನಲ್ಲಿ ಪ್ರಶ್ನಾರ್ಥಕ ಚಿಹ್ನೆಯ ನಂತರ 'ಸಾರ್ಟ್' ಒಂದನ್ನೇ ಬರೆದಿದ್ದೀರಿ. ಬ್ರೌಸರ್ ಹಳೆಯ ಕ್ವೆರಿಯನ್ನು (ವಿಳಾಸದಲ್ಲಿ ಆ ಚಿಹ್ನೆಯ ನಂತರದ ಭಾಗವನ್ನು) ಪೂರ್ತಿ ಕೈಬಿಟ್ಟು ಅಷ್ಟನ್ನೇ ಕಳಿಸುತ್ತದೆ.

ಪಿಎಚ್‌ಪಿ ಭಾಷೆಯ ವೆಬ್ ಫ್ರೇಮ್‌ವರ್ಕ್ ಆದ ಲಾರಾವೆಲ್‌ನಲ್ಲಿ ವಿಳಾಸದ ಸ್ಟ್ರಿಂಗ್‌ಗಳನ್ನು (ಪಠ್ಯದ ತುಣುಕುಗಳನ್ನು) ಕೈಯಾರೆ ಜೋಡಿಸುವ ಗೋಜಿಗೆ ಹೋಗಬೇಡಿ. ಬ್ರೌಸರ್ ಕಳಿಸಿದ ಕೋರಿಕೆಯ ವಿವರಗಳಿರುವ ರಿಕ್ವೆಸ್ಟ್ ಆಬ್ಜೆಕ್ಟಿನ ಫುಲ್‌ಯುಆರ್‌ಎಲ್‌ವಿತ್‌ಕ್ವೆರಿ ಮೆಥಡ್‌ಗೆ ಒಂದು ಅರೇ (ಕೀ-ಮೌಲ್ಯಗಳ ಪಟ್ಟಿ) ಕೊಡಿ: ಕೀ 'ಸಾರ್ಟ್', ಮೌಲ್ಯ 'ಪ್ರೈಸ್'. ಕ್ವೆರಿಯಲ್ಲಿ ಈಗಿರುವ ಪ್ಯಾರಾಮೀಟರ್‌ಗಳನ್ನು (ಹೆಸರು-ಮೌಲ್ಯದ ಜೋಡಿಗಳನ್ನು) ಉಳಿಸಿಕೊಂಡು, ಅದೇ ಹೆಸರಿನದು ಮೊದಲೇ ಇದ್ದರೆ ಅದರ ಮೌಲ್ಯ ಬದಲಿಸಿ, ಪೂರ್ಣ ವಿಳಾಸವನ್ನು ಅದು ಹಿಂತಿರುಗಿಸುತ್ತದೆ. ಎನ್‌ಕೋಡಿಂಗ್ (ವಿಶೇಷ ಅಕ್ಷರಗಳನ್ನು ವಿಳಾಸಕ್ಕೆ ಹೊಂದುವಂತೆ ಬರೆಯುವ) ಚಿಂತೆಯೂ ಅದರದೇ.

ಬಹಳ ಜನ ಎಡವುವುದು ಪುಟಸಂಖ್ಯೆ ಹೇಳುವ 'ಪೇಜ್' ಪ್ಯಾರಾಮೀಟರ್ ವಿಷಯದಲ್ಲಿ. ಬಳಕೆದಾರ 7ನೇ ಪುಟದಲ್ಲಿದ್ದಾಗ ಫಿಲ್ಟರ್ ಬದಲಿಸಿ, ಫಲಿತಾಂಶ 2 ಪುಟಕ್ಕೆ ಇಳಿದರೆ ಅವನಿಗೆ ಕಾಣುವುದು ಖಾಲಿ ಪಟ್ಟಿ. ಅದೇ ಅರೇಯಲ್ಲಿ 'ಪೇಜ್'ಗೆ ನಲ್ (ಮೌಲ್ಯವೇ ಇಲ್ಲ ಎಂಬ ಸೂಚನೆ) ಕೊಡಿ. ವಿಳಾಸ ಕಟ್ಟುವ ಪಿಎಚ್‌ಪಿ ಫಂಕ್ಷನ್ ನಲ್ ಇರುವ ಕೀಯನ್ನು ಸೇರಿಸುವುದೇ ಇಲ್ಲ. ಖಾಲಿ ಸ್ಟ್ರಿಂಗ್ ಕೊಟ್ಟರೆ ಮಾತ್ರ 'ಪೇಜ್=' ಎಂಬ ಬಾಲ ಹಾಗೆಯೇ ಉಳಿಯುತ್ತದೆ, ನೋಡಲೂ ಅಸಹ್ಯ.

ಪುಟಸಂಖ್ಯೆಯ ಲಿಂಕ್‌ಗಳಿಗೆ ಇಷ್ಟೆಲ್ಲ ಬೇಡ. ಫಲಿತಾಂಶವನ್ನು ಪುಟಗಳಾಗಿ ಹಂಚುವ ಪ್ಯಾಜಿನೇಟರ್ ಮೇಲೆ ವಿತ್‌ಕ್ವೆರಿಸ್ಟ್ರಿಂಗ್ ಕರೆದರೆ ಸಾಕು. ಅದು ಇಲ್ಲದ ಹಳೆಯ ಲಾರಾವೆಲ್ ಆವೃತ್ತಿಯಾದರೆ ಅಪೆಂಡ್ಸ್ ಮೆಥಡ್ ಬಳಸಿ.