ನಾಳೆಯನ್ನು ಮರೆಯಿರಿ ಎಂದವರಿಗೆ ಅಡಿಕೆ ತೋಟ ಇದ್ದಂತಿಲ್ಲ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ‘ವರ್ತಮಾನದಲ್ಲಿ ಬದುಕುವುದು ಹೇಗೆ’ ಎಂಬುದೇ. ಬರೆದವರೆಲ್ಲ ಯಾವುದಾದರೂ ಧ್ಯಾನ ಶಿಬಿರಕ್ಕೆ ಹೋಗಿ ಬಂದವರು, ಇಲ್ಲವೇ ಮೊಬೈಲಿನಲ್ಲಿ ಪ್ರವಚನ ಕೇಳಿದವರು. ಒಂದು ಪತ್ರಕ್ಕೆ ವಿವರವಾಗಿ ಉತ್ತರಿಸುತ್ತೇನೆ, ಉಳಿದವರು ಅದನ್ನೇ ಓದಿಕೊಳ್ಳಿ.

ಪ್ರಶ್ನೆ: ಬದಿಯಡ್ಕದ ಹತ್ತಿರ ನನಗೆ ಅಡಿಕೆ ತೋಟ ಇದೆ, ಮಗ ದುಬೈಯಲ್ಲಿದ್ದಾನೆ. ಮಳೆ ಜೋರಾದರೆ ಅಡಿಕೆ ಕಾಯಿ ಉದುರಿಸುವ ಕೊಳೆರೋಗದ ಚಿಂತೆ, ಮಗನ ಫೋನ್ ಬಾರದಿದ್ದರೆ ಅವನ ಕೆಲಸ ಹೋಯಿತೋ ಎಂಬ ಚಿಂತೆ. ‘ನಾಳೆಯನ್ನು ಮರೆತು ಈ ಕ್ಷಣದಲ್ಲಿರಿ’ ಎಂದು ಶಿಬಿರದಲ್ಲಿ ಹೇಳಿದರು. ದಿನಾ ಕಣ್ಣು ಮುಚ್ಚಿ ಕೂರುತ್ತೇನೆ. ಮನಸ್ಸು ಒಂದು ನಿಮಿಷವೂ ನಿಲ್ಲುವುದಿಲ್ಲ. ದೋಷ ನನ್ನದೇ?

ಅಲ್ಲ, ಹೇಳಿಕೊಟ್ಟವರದ್ದು. ನಾಳೆಯನ್ನು ಮರೆತರೆ ನಿಮ್ಮ ತೋಟಕ್ಕೆ ಮದ್ದು ಬಿಡುವವರು ಯಾರು? ಮಳೆಗಾಲ ಹಿಡಿಯುವ ಮುಂಚೆ ಒಮ್ಮೆ, 40–45 ದಿನ ಕಳೆದು ಇನ್ನೊಮ್ಮೆ ಕೊಳೆರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಯಬೇಕೆಂದರೆ ಮೈಲುತುತ್ತು, ಸುಣ್ಣ ಮೊದಲೇ ತಂದಿಡಬೇಕು, ಮರ ಹತ್ತುವವರನ್ನು ಗೊತ್ತು ಮಾಡಬೇಕು. ಅದು ಚಿಂತೆಯಲ್ಲ, ಕೃಷಿ. ಅದೆಲ್ಲ ಮುಗಿದ ಮೇಲೂ ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ ‘ಕಾಯಿ ಪೂರಾ ಉದುರಿದರೆ? ಸಾಲ ಕಟ್ಟದಿದ್ದರೆ?’ ಎಂದು ಅದನ್ನೇ ಮೆಲುಕು ಹಾಕುತ್ತೀರಲ್ಲ, ನನ್ನ ತಕರಾರು ಅದರ ಮೇಲೆ ಮಾತ್ರ.

ಇನ್ನು ಮನಸ್ಸು ನಿಲ್ಲದ ಮಾತು. ಯಾರ ಮನಸ್ಸು ನಿಲ್ಲುತ್ತದೆ ಹೇಳಿ? ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಕಿಲ್ಲಿಂಗ್ಸ್‌ವರ್ತ್ ಮತ್ತು ಗಿಲ್ಬರ್ಟ್ ಎಂಬಿಬ್ಬರು 2,250 ಜನರನ್ನು ದಿನದ ಯಾವ್ಯಾವುದೋ ಹೊತ್ತಿನಲ್ಲಿ ಫೋನಿನ ಮೂಲಕ ವಿಚಾರಿಸಿ 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೇಳಿದ ಸಲಗಳಲ್ಲಿ ಸುಮಾರು ಶೇಕಡಾ 47 ಸಲ ಜನರ ಮನಸ್ಸು ಕೈಯಲ್ಲಿದ್ದ ಕೆಲಸದ ಮೇಲೆ ಇರಲಿಲ್ಲ. ಹಾಗೆ ಅಲೆಯುವಾಗ ಅವರು ಹೆಚ್ಚು ಸಂತೋಷವಾಗಿಯೂ ಇರಲಿಲ್ಲ, ಹಿತವಾದದ್ದನ್ನು ನೆನೆಯುತ್ತಿದ್ದವರು ಕೂಡ. ಮನಸ್ಸು ಹೋಗುತ್ತದೆ, ಹೋಯಿತೆಂದು ಗೊತ್ತಾದಾಗ ಗದರದೆ ಕರೆತರುವುದೇ ಅಭ್ಯಾಸ. ಒಂದು ಕೂರುವಿಕೆಯಲ್ಲಿ ಐವತ್ತು ಸಲ ಕರೆತಂದಿದ್ದರೆ ನೀವು ಸೋತಿಲ್ಲ, ಐವತ್ತು ಸಲ ಅಭ್ಯಾಸ ಮಾಡಿದ್ದೀರಿ.

ನಿಮ್ಮಂಥವರಿಗೆ ನಾನು ಕಣ್ಣು ಮುಚ್ಚಿ ಕೂರಲು ಹೇಳುವುದೇ ಇಲ್ಲ. ಅಡಿಕೆ ಸುಲಿಯುವಾಗ ಸುಲಿಯಿರಿ. ಸಿಪ್ಪೆಯ ಒರಟು, ಕೈಯ ಚಲನೆ, ಸದ್ದು, ಅಷ್ಟೇ. ಮನಸ್ಸು ದುಬೈಗೆ ಹಾರಿದರೆ ‘ಹಾರಿತು’ ಅಂದುಕೊಂಡು ಕೈಗೆ ಮರಳಿ. ಹತ್ತು ನಿಮಿಷ ಸಾಕು.

ಚಿಂತೆಗೆ ಬೇರೆ ಹೊತ್ತು ಇಟ್ಟುಬಿಡಿ. ಅಮೆರಿಕದ ಮನೋವಿಜ್ಞಾನಿ ಥಾಮಸ್ ಬೋರ್ಕೊವೆಕ್ ಮತ್ತು ಸಂಗಡಿಗರು 1983ರಲ್ಲೇ ತೋರಿಸಿದ ಉಪಾಯ ಇದು: ದಿನಾ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ಅರ್ಧ ಗಂಟೆ ಚಿಂತಿಸುವುದು, ಉಳಿದ ಹೊತ್ತಿನಲ್ಲಿ ಬಂದ ಚಿಂತೆಯನ್ನು ಅಲ್ಲಿಗೆ ಮುಂದೂಡುವುದು. ಸಂಜೆ ಆರಕ್ಕೆ ನೋಟ್‌ಬುಕ್ ಹಿಡಿದು ಕುಳಿತುಕೊಳ್ಳಿ. ಮಲಗುವ ಕೋಣೆಯಲ್ಲಿ ಮಾತ್ರ ಬೇಡ. ಒಂದೊಂದೇ ಚಿಂತೆ ಬರೆದು, ನಾಳೆ ಅದಕ್ಕೆ ಮಾಡಬಹುದಾದ ಕೆಲಸ ಏನಾದರೂ ಇದ್ದರೆ ಪಕ್ಕದಲ್ಲೇ ಬರೆಯಿರಿ. ಇಲ್ಲದಿದ್ದರೆ ಹಾಗೇ ಬಿಡಿ. ಮೊದಲ ವಾರ ಇದು ಹುಚ್ಚಾಟ ಅನ್ನಿಸುತ್ತದೆ. ಅನ್ನಿಸಲಿ. ಮಗನಿಗೆ ವಾರಕ್ಕೆ ಎರಡು ದಿನ ಹೊತ್ತು ಗೊತ್ತು ಮಾಡಿ ಫೋನ್ ಮಾಡಲು ಹೇಳಿ, ಆ ಚಿಂತೆಯ ಅರ್ಧ ಅಲ್ಲೇ ಮುಗಿಯುತ್ತದೆ.

ನಿದ್ದೆ, ಊಟ ಎರಡೂ ಕೆಟ್ಟು ಎರಡು ವಾರ ದಾಟಿದ್ದರೆ, ಬದುಕು ಸಾಕೆನಿಸಿದ್ದರೆ ನೋಟ್‌ಬುಕ್ ಆಮೇಲೆ, ಮೊದಲು ಮನೋವೈದ್ಯರು. ದೂರವಾಯಿತು ಅನ್ನಬೇಡಿ, ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ಸಂಖ್ಯೆ 14416 ಉಚಿತ. ಹಳೆಯ ಆಘಾತ ಇದ್ದವರು, ಗಾಬರಿಯಿಂದ ಎದೆ ಹೊಡೆದುಕೊಳ್ಳುವವರು ಗಂಟೆಗಟ್ಟಲೆ ಮೌನದಲ್ಲಿ ಕೂತರೆ ಕೆಲವೊಮ್ಮೆ ಕಾಯಿಲೆ ಉಲ್ಬಣಿಸುತ್ತದೆ. ಎರಡು ದಿನದ ಶಿಬಿರದವರು ಇದನ್ನು ಹೇಳುವುದಿಲ್ಲ. ಜಾನ್ ಕಬಾಟ್-ಝಿನ್ 1979ರಲ್ಲಿ ಅಮೆರಿಕದ ಮೆಸಾಚುಸೆಟ್ಸ್‌ನಲ್ಲಿ ರೋಗಿಗಳಿಗಾಗಿ ಶುರುಮಾಡಿದ ಧ್ಯಾನಾಭ್ಯಾಸದ ಕ್ರಮಕ್ಕೇ 8 ವಾರ ಬೇಕು. ಇನ್ನು ‘ಧ್ಯಾನ ಬಂತಲ್ಲ, ಮಾತ್ರೆ ಬಿಡಿ’ ಎನ್ನುವ ಗುರುಗಳ ವಿಷಯ. ಮಾತ್ರೆ ನಿಲ್ಲಿಸಿ ಮೂರನೇ ವಾರ ಅದೇ ರೋಗಿಯನ್ನು ಆಟೋದಲ್ಲಿ ಹಾಕಿಕೊಂಡು ಚಿಕಿತ್ಸೆಗೆಂದು ನಮ್ಮಲ್ಲಿಗೆ ಬರುವವರು ಮನೆಯವರು, ಗುರುಗಳಲ್ಲ.

ಮಂಜೇಶ್ವರದ ವಿದ್ಯಾರ್ಥಿನಿ: ಭವಿಷ್ಯ ಯೋಚಿಸಬಾರದೆಂದರೆ ಸರಕಾರಿ ಕೆಲಸದ ಪಿಎಸ್‌ಸಿ ಪರೀಕ್ಷೆಗೆ ಓದುವುದು ತಪ್ಪೇ?
ಓದಮ್ಮ. ಓದುವುದು ಇವತ್ತಿನ ಕೆಲಸ.

ಉಪ್ಪಳದಿಂದ: ಅತ್ತೆ ಹತ್ತು ವರ್ಷದ ಹಿಂದೆ ಆಡಿದ ಮಾತು ಮರೆಯಲು ಯಾವ ಧ್ಯಾನ ಒಳ್ಳೆಯದು?
ಯಾವುದೂ ಅಲ್ಲ. ಗಂಡನನ್ನು ಎದುರಿಗೆ ಕೂರಿಸಿಕೊಂಡು ಅತ್ತೆಯ ಹತ್ತಿರವೇ ಮಾತಾಡಿ.

ಕುಂಬಳೆಯಿಂದ: ಮೊಬೈಲ್ ಚಟ ಬಿಟ್ಟು ವರ್ತಮಾನದಲ್ಲಿರಲು ಒಳ್ಳೆಯ ಆ್ಯಪ್ ತಿಳಿಸಿ.
ಪ್ರಶ್ನೆಯನ್ನು ನೀವೇ ಇನ್ನೊಮ್ಮೆ ಓದಿ.

ಸೀತಾಂಗೋಳಿಯಿಂದ: ಏಕಾಗ್ರತೆಯ ‘ಕಂಪನ’ ಹೆಚ್ಚಿಸುವ ತಾಮ್ರದ ಕಡಗ ಕೊಂಡೆ, ಎಷ್ಟು ದಿನದಲ್ಲಿ ಪರಿಣಾಮ?
ರಸೀದಿ ಇದ್ದರೆ ದುಡ್ಡು ವಾಪಸ್ ಕೇಳಿ.