ಟೆಕ್ಸಾಸ್: ಮಗುವಿನ ಜೀವನಾಂಶ ಬಾಕಿಯಿಂದ ಅಮಾನತಾದ ಡ್ರೈವಿಂಗ್ ಲೈಸೆನ್ಸ್ ವಾಪಸ್ ಪಡೆಯುವುದು ಹೇಗೆ?

ಮೊದಲೇ ಲೈಸೆನ್ಸ್ ಆಫೀಸಿಗೆ ಓಡಬೇಡಿ, ಬಾಕಿಯ ವಿಷಯ ಅವರ ಕೈಯಲ್ಲಿಲ್ಲ. ಟೆಕ್ಸಾಸ್‌ನಲ್ಲಿ 3 ತಿಂಗಳು ಅಥವಾ ಅದಕ್ಕಿಂತ ಜಾಸ್ತಿ ಜೀವನಾಂಶ ಉಳಿಸಿಕೊಂಡವರ ಲೈಸೆನ್ಸ್ ಅಮಾನತಾಗಬಹುದು. ಅಟಾರ್ನಿ ಜನರಲ್ (ರಾಜ್ಯದ ಮುಖ್ಯ ಕಾನೂನು ಅಧಿಕಾರಿ) ಕಚೇರಿಯ ಚೈಲ್ಡ್ ಸಪೋರ್ಟ್, ಅಂದರೆ ಮಕ್ಕಳ ಜೀವನಾಂಶದ ವಿಭಾಗಕ್ಕೆ ಹೋಗಿ. ಪೂರ್ತಿ ಕಟ್ಟಲು ಆಗದಿದ್ದರೆ ಕಂತು ಕೇಳಿ. ಆದರೆ ಪ್ರತಿ ತಿಂಗಳೂ ನಿಜವಾಗಿ ಕಟ್ಟಬಲ್ಲಷ್ಟಕ್ಕೆ ಮಾತ್ರ ಒಪ್ಪಿ. ಕಂತು ತಪ್ಪಿದರೆ ಲೈಸೆನ್ಸ್ ಮತ್ತೆ ಹೋಗಬಹುದು. ಅಮಾನತು ತೆರವಿನ ಆದೇಶ ಲೈಸೆನ್ಸ್ ಕೊಡುವ ಸಾರ್ವಜನಿಕ ಸುರಕ್ಷತಾ ಇಲಾಖೆಗೆ ತಲುಪಿದ ಮೇಲೆ ಅಲ್ಲಿ ಶುಲ್ಕ ಕಟ್ಟಬೇಕು. ಅಲ್ಲಿವರೆಗೆ ದಯವಿಟ್ಟು ಗಾಡಿ ಓಡಿಸಬೇಡಿ, ಅದು ಬೇರೆಯದೇ ಕೇಸಾಗುತ್ತದೆ.

ಕೆಲಸ ಹೋಗಿದೆಯಾ? ಹಾಗಾದರೆ ಸುಮ್ನೆ ಕೂರದೆ ಜೀವನಾಂಶ ಇಳಿಸಲು ಕೂಡಲೇ ಅರ್ಜಿ ಹಾಕಿ. ಅರ್ಜಿಯ ನೋಟಿಸ್ ಎದುರು ಪಕ್ಷಕ್ಕೆ ಹೋಗುವ ಮುಂಚಿನ ಬಾಕಿಯನ್ನು ಜಡ್ಜ್ ಕೂಡ ಇಳಿಸುವಂತಿಲ್ಲ. 1986ರ ಫೆಡರಲ್ ಕಾನೂನು ಅದನ್ನು ತಡೆಯುತ್ತದೆ.